ಅರ್ಜುನ ಬಿದ್ದಿದ್ದ ಹೊತ್ತು

ಅಣ್ಣಿಗೇರಿ ತಾಲೂಕು
ಶ್ರಾವಣ ಮಾಸ, 2025

ಚಿರಂಜೀವಿ ಮೊಮ್ಮಗನಿಗೆ, ನಿನ್ನ ಆಯಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಹೆಸರು ಬಿಡಿಸುವ ಹೊತ್ತಿಗೇ ಮಳೆ ಹಿಡಿದುಕೊಂಡಿದೆ. ನಿನ್ನ ಸೋದರಮಾವ ದಿನಕ್ಕೆ ನಾಲ್ಕು ಸಲ ಹೊಲಕ್ಕೆ ಹೋಗಿ, ಕಾಯಿ ನೋಡಿ, ಕಾಲಿಗೆ ಎರಿಮಣ್ಣು ಮೆತ್ತಿಕೊಂಡು ತಿರುಗಿ ಬರುತ್ತಾನೆ. ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ ಇನ್ನೂ ಡಬ್ಬಿಯಲ್ಲಿವೆ. ನಿನ್ನ ಪಾಲು ಬೇರೆ ತೆಗೆದಿಟ್ಟಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಒಂದು ಮಾತು ಕೇಳಿದಿ. ನಿನ್ನ ಹಿಂದೆ ಬಸ್ಸಿನ ಸಪ್ಪಳ, ನನ್ನ ಹಿಂದೆ ಮಳೆಯ ಸಪ್ಪಳ. ಆಗ ಉತ್ತರ ಹೇಳಲಾಗಲಿಲ್ಲ. ಹೇಳಿದ್ದರೂ ಅರ್ಧಮರ್ಧ ಆಗುತ್ತಿತ್ತು. ಅದಕ್ಕೇ ಕಾಗದ ಹಿಡಿದು ಕೂತೆ. ಮೂವತ್ತು ವರ್ಷ ಸಾಲಿಯ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದ ಅಕ್ಕೋರು ನಾನು. ಮನಸ್ಸಿನ ಮಾತು ಇವತ್ತಿಗೂ ನನಗೆ ಕೈಯಿಂದಲೇ ಚೆನ್ನಾಗಿ ಬರುತ್ತದೆ.

ಪಂಚಮಿಯ ಹಿಂದಿನ ದಿನ ನೆನಪಿದೆಯಲ್ಲ? ಬಿ. ಸರೋಜಾದೇವಿ ಜುಲೈ 14ಕ್ಕೆ ತೀರಿಕೊಂಡಿದ್ದರು. ಎರಡು ವಾರ ಕಳೆದರೂ ಆ ಸಂಕಟ ನನ್ನನ್ನು ಬಿಟ್ಟಿರಲಿಲ್ಲ. ಅವರದೊಂದು ಚಿತ್ರ ಹಚ್ಚಪ್ಪ ಅಂದೆ. ನೀನು ಫೋನಿನಲ್ಲಿ ಹುಡುಕಿ ಟಿವಿಗೆ ಹಚ್ಚಿದ್ದು 'ಬಭ್ರುವಾಹನ'. ಬಾಣಗಳು ಆಕಾಶದಲ್ಲಿ ಎದುರುಬದುರಾದಾಗ ನೀನು ನಕ್ಕಿ. "ಆಯಿ, ನಮ್ಮ ಆಫೀಸಿನ್ಯಾಗ ಮೊನ್ನೆ ಸೇರಿದ ಹುಡುಗ ಇದನ್ನ ಅರ್ಧ ತಾಸಿನ್ಯಾಗ ಮಾಡಿ ಕೊಡ್ತಾನ" ಅಂದಿ. ಅದು ನಿನ್ನ ಕಸುಬು, ನಿನಗೆ ಗೊತ್ತಿರುತ್ತದೆ. ಆದರೆ ಮುಂದೆ ಅಪ್ಪ ಮಗ ಎದುರಾಗಿ ನಿಂತಾಗ ನಿನ್ನ ಕೈಯಲ್ಲಿದ್ದ ಉಂಡಿ ಬಾಯಿಗೆ ಹೋಗದೆ ಹಾಗೇ ಉಳಿಯಿತು. ಅದನ್ನು ನಾನು ನೋಡಿದೆ. ಚಿತ್ರ ಮುಗಿಯುವವರೆಗೂ ನೀನು ಏಳಲಿಲ್ಲ.

"ಎಲ್ಲಾ ತಂತ್ರ ಎದ್ದು ಕಾಣತಾವ. ಆದ್ರೂ ನಾ ಯಾಕ ಎದ್ದು ಹೋಗ್ಲಿಲ್ಲ?" ಇದು ನೀನು ಕೇಳಿದ್ದು. ನಾನು ಇದನ್ನೇ ನಲವತ್ತಾರು ವರ್ಷದಿಂದ ಯೋಚಿಸುತ್ತಿದ್ದೇನೆ ತಮ್ಮಾ.

ಚಿತ್ರ ಬಂದದ್ದು 1977ರಲ್ಲಿ. ಹುಬ್ಬಳ್ಳಿಯವರು, ಧಾರವಾಡದವರು ಆಗಲೇ ನೋಡಿ ಬಂದು ಕತೆ ಹೇಳಿದ್ದರು. ನಮ್ಮೂರಿಗೆ ಅದು ಬರಲು 1979ರ ಬೇಸಿಗೆಯೇ ಆಗಬೇಕಾಯಿತು. ಆಗ ಅಣ್ಣಿಗೇರಿ ಇನ್ನೂ ನವಲಗುಂದ ತಾಲೂಕಿನಲ್ಲಿತ್ತು. ಮರುವರ್ಷ ಜುಲೈ 21ಕ್ಕೆ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು ಆಯಿತಲ್ಲ, ಅದರ ಹಿಂದಿನ ವರ್ಷದ ಬೇಸಿಗೆ. ಮಲಪ್ರಭೆಯ ನೀರಿನ ಕರದ ಮಾತು ಕಟ್ಟೆ ಕಟ್ಟೆಯ ಮೇಲೂ ನಡೆದಿತ್ತು. ಸುಗ್ಗಿ ಮುಗಿದು, ಕಡ್ಲಿ, ಜೋಳ ಮನೆ ಸೇರಿ, ಕಣ ಖಾಲಿಯಾದ ಮೇಲೆ ಅದೇ ಕಣದಲ್ಲಿ ಟೆಂಟ್ ಎದ್ದಿತು. ನೆಲಕ್ಕೆ ಎಂಟಾಣೆ. ನಡುವೆ ಒಂದು ಹಗ್ಗ. ಈ ಕಡೆ ಹೆಣ್ಣುಮಕ್ಕಳು, ಆ ಕಡೆ ಗಂಡಸರು. ಮಶೀನು ಒಂದೇ ಆದ್ದರಿಂದ ರೀಲು ಬದಲಿಸುವಾಗೆಲ್ಲ ಪರದೆ ಕತ್ತಲಾಗುತ್ತಿತ್ತು. ಆ ಕತ್ತಲಲ್ಲಿ ಚುರುಮುರಿ ಮಾರುವವನ ದನಿ, ಎಳೆಗೂಸುಗಳ ಅಳು, ಮುಂದೇನಾಗುತ್ತದೆ ಎಂದು ಪಕ್ಕದವಳಿಗೆ ಹೇಳುವ ಮುದುಕಿಯರ ದನಿ. ಅವರು ಚಿತ್ರ ನೋಡಿದವರಲ್ಲ. ಆದರೆ ಕತೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಹೇಗೆ ಗೊತ್ತಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ನಮ್ಮ ಸೀಮೆಯವರಿಗೆ ಬಲು ಹತ್ತಿರದ ವಿಷಯ.

ನೀನು ಸಣ್ಣವನಿದ್ದಾಗ ಗದುಗಿನ ವೀರನಾರಾಯಣನ ಗುಡಿಗೆ ಕರೆದುಕೊಂಡು ಹೋಗಿದ್ದೆ. ಕುಮಾರವ್ಯಾಸ ಕೂತು ಭಾರತ ಬರೆದ ಜಾಗ ಎಂದು ಆ ಕಂಬ ತೋರಿಸಿದ್ದೆ. ಅವನು ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನು, ನಮಗೆ ಪಕ್ಕದೂರಿನವನಿದ್ದ ಹಾಗೆ. ಆದರೆ ಅವನು ಹತ್ತು ಪರ್ವಕ್ಕೇ ಭಾರತ ಮುಗಿಸಿದ. ಅಶ್ವಮೇಧ ಅದರ ಆಚೆ ಉಳಿಯಿತು. ಹಾಗಾಗಿ ಅರ್ಜುನನ ಮಗ ಬಭ್ರುವಾಹನ ಗದುಗಿನ ಭಾರತದಿಂದ ನಮ್ಮ ಹಳ್ಳಿಗೆ ಬರಲಿಲ್ಲ. ಅವನನ್ನು ತಂದುಕೊಟ್ಟವನು ದೇವನೂರಿನ ಲಕ್ಷ್ಮೀಶ, ತನ್ನ ಜೈಮಿನಿ ಭಾರತದಲ್ಲಿ. ಶ್ರಾವಣ ಬಂತೆಂದರೆ ನಮ್ಮಪ್ಪ ಕಂದೀಲು ಮುಂದಿಟ್ಟುಕೊಂಡು ಪುರಾಣ ಹಚ್ಚುತ್ತಿದ್ದರು. ವಾರ್ಧಕ ಷಟ್ಪದಿಯನ್ನು ಅವರು ರಾಗ ಎಳೆದು ಓದಿದರೆ ಓಣಿಯ ಎತ್ತುಗಳೂ ಮೆಲುಕು ನಿಲ್ಲಿಸುತ್ತಿದ್ದವು ಎಂದು ನಮ್ಮವ್ವ ಹೇಳುತ್ತಿದ್ದಳು. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬಂದ ಸಂಧಿಯ ದಿನ ಕೇಳುವವರು ಹೊಸ್ತಿಲು ದಾಟಿ ಅಂಗಳದವರೆಗೆ ಕೂತಿರುತ್ತಿದ್ದರು.

ಇನ್ನು ಅರ್ಜುನ. ಪಂಪ ನಮ್ಮ ಅಣ್ಣಿಗೇರಿಯವನು ಎಂಬ ಹೆಮ್ಮೆಯಲ್ಲೇ ಬೆಳೆದವರು ನಾವು. ಅವನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಆ ಮನೆತನಕ್ಕೂ ಅಣ್ಣಿಗೇರಿಗೂ ಇರುವ ನಂಟಿದೆ. ಆ ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ, ಅರ್ಜುನನನ್ನೇ ಇಡೀ ಭಾರತಕ್ಕೆ ನಾಯಕನನ್ನಾಗಿ ಮಾಡಿದ. ಕೊನೆಗೆ ಪಟ್ಟಾಭಿಷೇಕ ಆಗುವುದೂ ಅರ್ಜುನನಿಗೇ, ಪಕ್ಕದಲ್ಲಿ ಸುಭದ್ರೆ. ಸಾಲಿಯಲ್ಲಿ ಇದನ್ನು ನಾನೂ ಹೆಮ್ಮೆಯಿಂದ ಹೇಳಿಕೊಟ್ಟವಳೇ. ಆದರೆ ಪಾಠ ಹೇಳುವಾಗ ಪ್ರತಿ ವರ್ಷ ಒಂದು ಕಸಿವಿಸಿ ಆಗುತ್ತಿತ್ತು. ತೀರ್ಥಯಾತ್ರೆಗೆ ಬಂದ ಅರ್ಜುನ ಮಣಿಪುರದಲ್ಲಿ ಒಬ್ಬಳನ್ನು ಮದುವೆಯಾಗಿ ಹೋಗಿದ್ದನಲ್ಲ, ಬಭ್ರುವಾಹನನ ತಾಯಿ, ಆ ಚಿತ್ರಾಂಗದೆ ಈ ಪಟ್ಟಾಭಿಷೇಕದ ದಿನ ಎಲ್ಲಿದ್ದಳು? ಸಿಂಹಾಸನದ ಆ ಕಡೆ, ಈ ಕಡೆ ಎಲ್ಲೂ ಅವಳಿಗೆ ಮಣೆ ಇಲ್ಲ.

'ಬಭ್ರುವಾಹನ' ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿ ಅವಳಿಗೆ ಮಣೆ ಹಾಕಿದರು. ನಾಟಕದ ಕಂಪನಿಯಲ್ಲಿ ಪಳಗಿ ಸಿನಿಮಾಕ್ಕೆ ಬಂದವರು ಅವರು. 1965ರ 'ಸತ್ಯ ಹರಿಶ್ಚಂದ್ರ' ಕೂಡ ಅವರದೇ. ಜನ ಎಲ್ಲಿ ಉಸಿರು ಹಿಡಿಯುತ್ತಾರೆ, ಎಲ್ಲಿ ಬಿಡುತ್ತಾರೆ ಅನ್ನುವುದು ಅವರಿಗೆ ಅಂಗೈಗೆರೆಯಷ್ಟು ಗೊತ್ತಿತ್ತು. ಉಲೂಪಿಯಾಗಿ ಕಾಂಚನಾ, ಸುಭದ್ರೆಯಾಗಿ ಜಯಮಾಲಾ ಇದ್ದರು. ಚಿತ್ರಾಂಗದೆಗೆ ಮಾತ್ರ ಸರೋಜಾದೇವಿಯನ್ನೇ ತಂದರು. ಇದರ ತೂಕ ನಿನಗೆ ಗೊತ್ತಾಗಲಿಕ್ಕಿಲ್ಲ, ಹೇಳುತ್ತೇನೆ. ಕಿತ್ತೂರು ನಮಗೆ ದೂರದ ಊರಲ್ಲ. 1961ರಲ್ಲಿ ಬಂದ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ದಲ್ಲಿ ರಾಣಿಯಾದವರು ಇದೇ ಸರೋಜಾದೇವಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಚೆನ್ನಮ್ಮ ಅಂದರೆ ಕಣ್ಣಿಗೆ ಬರುವುದು ಅವರ ಮುಖ. ಅಂಥ ಮುಖದ ಹೆಣ್ಣುಮಗಳ ಶೀಲದ ಬಗ್ಗೆ ಗಂಡನಾದವನೇ ಹತ್ತು ಜನರೆದುರು ಕೆಟ್ಟ ಮಾತಾಡಿದರೆ ಹೇಗಾಗಬೇಡ? ಆ ಮಾತು ಬಂದಾಗ ಟೆಂಟಿನಲ್ಲಿ ಹೆಣ್ಣುಮಕ್ಕಳ ಕಡೆ ಒಂದು ಬಳೆಯ ಸಪ್ಪಳ ಕೂಡ ಇರಲಿಲ್ಲ. ಚುರುಮುರಿಯವನೂ ಸುಮ್ಮನಾಗಿದ್ದ.

ಈಗ ನೀನು ನಕ್ಕ ಬಾಣದ ಮಾತಿಗೆ ಬರುತ್ತೇನೆ. ನಮ್ಮೂರಲ್ಲಿ ದೊಡ್ಡಾಟ ಆಡುವಾಗ ಬಾಣವೇ ಇರುತ್ತಿರಲಿಲ್ಲ. ಭುಜಕೀರ್ತಿ, ಕಿರೀಟ ಕಟ್ಟಿದವನು ಬಿಲ್ಲು ಎತ್ತಿ ಒಂದು ಸುತ್ತು ಕುಣಿದರೆ, ಮದ್ದಳೆ ಒಂದು ಪೆಟ್ಟು ಕೊಟ್ಟರೆ, ಬಾಣ ಹೋಯಿತೆಂದು ಲೆಕ್ಕ. ನಾವು ತಲೆ ಹೊರಳಿಸಿ ಅದು ಎಲ್ಲಿ ನಟ್ಟಿತೆಂದು ನೋಡುತ್ತಿದ್ದೆವು. ಅಂಥವರಿಗೆ ಪರದೆಯ ಮೇಲೆ ಬಾಣ ಕಣ್ಣಿಗೇ ಕಂಡರೆ ಅದೇ ದೊಡ್ಡ ಸಿರಿ. ತಂತ್ರ ಅಂತ ಗೊತ್ತಿರಲಿಲ್ಲವೆಂದಲ್ಲ. ದೊಡ್ಡಾಟದ ಅರ್ಜುನ ಬೆಳಗಾದರೆ ನಮ್ಮ ಮನೆಗೇ ಮೊಸರು ತರುತ್ತಿದ್ದ. ಅವನು ಅರ್ಜುನನಲ್ಲ ಅಂತ ಊರಿಗೇ ಗೊತ್ತಿತ್ತು. ಆದರೆ ರಾತ್ರಿ ಅವನನ್ನು ಅರ್ಜುನನೆಂದು ಒಪ್ಪಿಕೊಳ್ಳುವ ಕೆಲಸ ನಮ್ಮದಾಗಿತ್ತು. ಅದನ್ನು ನಾವು ಮನಃಪೂರ್ವಕ ಮಾಡುತ್ತಿದ್ದೆವು. ಆವತ್ತು ನೀನೂ ಅದನ್ನೇ ಮಾಡಿದಿ. ಮೊದಲ ಒಂದು ತಾಸು ನಿನ್ನ ಕಸುಬಿನ ಕಣ್ಣು ಬಿಡಲಿಲ್ಲ, ಆಮೇಲೆ ಬಿಟ್ಟಿತು.

ಆದರೂ ಒಂದು ತಂತ್ರವಿದೆ. ಅದರ ಬಗ್ಗೆ ನೀನು ಏನೂ ಅನ್ನಲಿಲ್ಲ. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ಆ ಕಾಲದಲ್ಲಿ ಡಬಲ್ ಪಾರ್ಟು ತೆಗೆಯುವ ಕಷ್ಟ ನೀನು ಓದಿರುತ್ತಿ: ಕ್ಯಾಮೆರಾದ ಅರ್ಧ ಕಣ್ಣಿಗೆ ಕರಿ ಮರೆ ಕಟ್ಟಿ ಒಬ್ಬನನ್ನು ಚಿತ್ರೀಕರಿಸಬೇಕು. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಆ ಬದಿಗೆ ಬದಲಿಸಿ, ಅದೇ ಫಿಲ್ಮಿನ ಮೇಲೆ ಇನ್ನೊಬ್ಬನನ್ನು ಚಿತ್ರೀಕರಿಸಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ಹಾಳು. ಎದುರಿಗೆ ಯಾರೂ ಇಲ್ಲದ ಜಾಗ ನೋಡುತ್ತ ನಟ ಸಿಟ್ಟಾಗಬೇಕು, ಅಳಬೇಕು. ಆದರೆ ನನ್ನನ್ನು ಇಂದಿಗೂ ಹಿಡಿದಿಡುವುದು ಅದು ಹೇಗೆ ತೆಗೆದರು ಅನ್ನುವುದಲ್ಲ ತಮ್ಮಾ. ಆ ಎರಡು ಮುಖ ಅಕ್ಕಪಕ್ಕ ನಿಂತಾಗ ಟೆಂಟಿನಲ್ಲಿ ಅವ್ವನ ತೊಡೆಯ ಮೇಲೆ ಕೂತ ಕೂಸಿಗೂ ಇವನು ಅವನ ಮಗ ಅಂತ ಗೊತ್ತಾಗುತ್ತದೆ. ಥೇಟ್ ಅವರಪ್ಪ. ಮಣಿಪುರದ ಸೈನಿಕರಿಗೆ ಗೊತ್ತು, ಕಟ್ಟಿಹಾಕಿದ ಕುದುರೆಗೂ ಗೊತ್ತಿರಬೇಕು. ಅರ್ಜುನನೊಬ್ಬನಿಗೆ ಗೊತ್ತಿಲ್ಲ. ತಾಯಿಯ ಮಾತು ನಿಜ ಅನ್ನುವುದಕ್ಕೆ ಮಗನ ಮುಖವೇ ಸಾಕ್ಷಿ ಹೇಳುತ್ತ ಎದುರು ನಿಂತಿದೆ, ಅವನು ನೋಡುತ್ತಿಲ್ಲ. ಬೇರೆ ಬೇರೆ ನಟರು ಮಾಡಿದ್ದರೆ ಇದು ಬರುತ್ತಿತ್ತೇ? ದೊಡ್ಡಾಟದಲ್ಲಿ ಇದು ಸಾಧ್ಯವಿಲ್ಲ, ಲಕ್ಷ್ಮೀಶ ಎಷ್ಟೇ ಚಂದ ಬರೆದರೂ ಓದಿನಲ್ಲಿ ಹೀಗೆ ಕಾಣುವುದಿಲ್ಲ. ಇದನ್ನು ಸಿನಿಮಾವೇ ಮಾಡಬೇಕು.

ಆಮೇಲೆ ಆ ಹಾಡು, ಅಪ್ಪ ಮಗ ಮಾತಿಗೆ ಮಾತು ಕೊಡುವ ಹಾಡು. ಟಿ.ಜಿ. ಲಿಂಗಪ್ಪನವರ ಸಂಗೀತ. ಇಂದಿಗೂ ಗಣಪತಿ ಪೆಂಡಾಲಿನಲ್ಲಿ ಇಬ್ಬರು ಹುಡುಗರು ಎದುರುಬದುರು ನಿಂತು ಅದನ್ನು ಹಾಡಿದರೆ ಊರು ಕೂಡುತ್ತದೆ. ಅದರಲ್ಲಿ ಒಂದು ದನಿ ರಾಜಕುಮಾರ್ ಅವರದೇ, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಶ್ರೀನಿವಾಸ್ ಎಷ್ಟೋ ವರ್ಷ ರಾಜಕುಮಾರ್ ಅವರ ಹಾಡಿನ ದನಿಯಾಗಿದ್ದವರು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ಹಾಗೆಂದರೆ ಈ ಹಾಡಿನಲ್ಲಿ ಜಗಳಕ್ಕೆ ನಿಂತ ಎರಡು ದನಿಗಳನ್ನೂ ಜನ ರಾಜಕುಮಾರ್ ಅವರದೆಂದೇ ಕೇಳಿ ಬಲ್ಲವರು. ಎರಡರಲ್ಲಿ ಯಾವುದನ್ನೂ ಪರರದೆಂದು ತಳ್ಳಲಾಗುವುದಿಲ್ಲ. ಒಂದೇ ಮನೆಯ ಎರಡು ದನಿ ಹೊಡೆದಾಡುವುದನ್ನು ಕೇಳುವ ಸಂಕಟ ಆ ಹಾಡಿನಲ್ಲಿದೆ. ಹುಡುಗರು ಅದನ್ನು ಶೌರ್ಯದ ಹಾಡು ಎಂದು ಹಾಡುತ್ತಾರೆ, ಹಾಡಲಿ. ನನಗೆ ಮಾತ್ರ ಅದನ್ನು ಕೇಳಿದಾಗೆಲ್ಲ ಗಂಟಲು ಕಟ್ಟುತ್ತದೆ.

ಇನ್ನು ಬರೆಯುವುದು ನಾನು ಯಾರಿಗೂ ಹೇಳದ ಮಾತು. ಎದುರುಮನೆ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹುಡುಗಗ ತಿಳೀಲಿ" ಅಂದರು.

ನಿನಗೆ ಗೊತ್ತಿರುವುದು ಬಾಗಿಲಲ್ಲಿ ಕೂತು ಸುಟ್ಟ ಶೇಂಗಾ ಕೊಡುವ ಮುದುಕಿ. 1979ರಲ್ಲಿ ಅವರಿಗೆ ನಲವತ್ತು ಕೂಡ ಆಗಿರಲಿಲ್ಲ. ಯಜಮಾನರು ಗೋವೆಯ ವಾಸ್ಕೋಕ್ಕೆ ದುಡಿಯಲು ಹೋಗಿ ಹನ್ನೆರಡು ವರ್ಷವಾಗಿತ್ತು. ಮೊದಮೊದಲು ಮನಿಯಾರ್ಡರ್ ಬರುತ್ತಿತ್ತು, ಆಮೇಲೆ ನಿಂತಿತು. ಆಮೇಲೆ ಅಲ್ಲೊಂದು ಮನೆಯಾಗಿದೆ ಎಂಬ ಸುದ್ದಿ ಬಂತು. ಮಗ ಹದಿನಾಲ್ಕಕ್ಕೆ ಬಂದಾಗ, ಅಪ್ಪನನ್ನು ನೋಡುತ್ತೇನೆಂದು ಹಟ ಹಿಡಿದ. ಸೋದರಮಾವನ ಜೊತೆ ಕಳಿಸಿದರು. ಒಂದು ಬುತ್ತಿಯ ಗಂಟು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಜೊತೆಗೆ ಹೊಸ ಧೋತರ. ಹುಡುಗ ಅದನ್ನೆಲ್ಲ ಹೊತ್ತು ಅಪ್ಪನ ಮುಂದೆ ಹೋಗಿ ನಿಂತಾಗ ಸುತ್ತ ಕೆಲಸದವರು ಇದ್ದರಂತೆ. ಯಾರಿವನು ಎಂದು ಅವರು ಕೇಳಿದರಂತೆ. "ನಮ್ಮೂರ ಕಡೆ ಹುಡುಗ" ಅಂದನಂತೆ ಅಪ್ಪ. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಬುತ್ತಿ ತೆಗೆದುಕೊಂಡ, ಊಟ ಹಾಕಿಸಿದ, ಬಸ್ಸಿಗೆ ರೊಕ್ಕ ಕೊಟ್ಟು ಕಳಿಸಿದ. ಹುಡುಗನ ಮುಖ ಹೇಗಿತ್ತು ಗೊತ್ತೇ? ಥೇಟ್ ಅವರಪ್ಪ. ಓಣಿಯವರೆಲ್ಲ ಅದನ್ನೇ ಅನ್ನುತ್ತಿದ್ದರು. ಅನ್ನಬೇಡಿ ಎಂದು ಅಮ್ಮ ಯಾರಿಗೂ ಹೇಳಲಿಲ್ಲ. ಆದರೆ ಆ ಮಾತು ಬಂದಾಗೆಲ್ಲ ಒಳಗೆ ಹೋಗಿಬಿಡುತ್ತಿದ್ದರು.

ಮರುವರ್ಷ ಟೆಂಟಿಗೆ ಈ ಚಿತ್ರ ಬಂತು. ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ಮಗ ಹಗ್ಗದ ಆ ಕಡೆ. ಪರದೆಯ ಮೇಲಿನ ಮಗ ಕಾಣಿಕೆ ಹೊತ್ತು ಅಪ್ಪನ ಮುಂದೆ ಹೋಗಿ ನಿಂತಾಗ ಇವರು ನನ್ನ ಕೈ ಹಿಡಿದರು. ಹಿಡಿದ ಕೈ ಬಹಳ ಹೊತ್ತು ಬಿಡಲಿಲ್ಲ. ಯುದ್ಧವಾಯಿತು, ಮಗನ ಬಾಣಕ್ಕೆ ಅರ್ಜುನ ಬಿದ್ದ. ಅವರು ಸೀರೆ ಕೊಡವಿಕೊಂಡು ಎದ್ದು ಹೊರಗೆ ಹೋದರು. ಚಿತ್ರ ಇನ್ನೂ ಇತ್ತು: ನಾಗಲೋಕದ ಮಣಿ ಬರಬೇಕು, ಅರ್ಜುನ ಏಳಬೇಕು, ಎಲ್ಲರೂ ಒಂದಾಗಬೇಕು. ತಲೆ ತಿರುಗಿರಬೇಕು ಅಂದುಕೊಂಡೆ. ಎರಡನೆಯ ರಾತ್ರಿಯೂ ಬಂದರು, ಅದೇ ಜಾಗಕ್ಕೆ ಎದ್ದರು. ಮೂರನೆಯ ರಾತ್ರಿ ನಾನೂ ಹಿಂದೆಯೇ ಹೋದೆ. ಕಣದ ಅಂಚಿನಲ್ಲಿ ನಿಂತಿದ್ದರು, ಟೆಂಟಿನ ಒಳಗಿನ ಬೆಳಕು ಬಟ್ಟೆಯ ಮೇಲೆ ಅಲುಗುತ್ತಿತ್ತು. "ಯಾಕಮ್ಮಾ, ಮುಂದ ಎಲ್ಲಾ ಛಲೋ ಆಗತೈತಲ್ಲ?" ಎಂದು ಕೇಳಿದೆ.

"ಗೊತ್ತೈತವ್ವಾ. ಎದ್ದು ಬರ್ತಾನ. ಬರಲಿ, ಬ್ಯಾಡ ಅನ್ನಂಗಿಲ್ಲ. ಅಷ್ಟೊತ್ತಾದ್ರೂ ಬಿದ್ದಿರ್ಲಿ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊಲದಲ್ಲಿ ಇಡೀ ದಿನ ಕಳೆ ತೆಗೆದು ಗಿಡದ ನೆರಳಿಗೆ ಕೂತವರ ದನಿ ಇತ್ತು.

ನಾನು ಆ ರಾತ್ರಿ ಟೆಂಟಿಗೆ ತಿರುಗಿ ಹೋಗಲಿಲ್ಲ. ಅವರ ಜೊತೆ ನಿಂತೆ. ಒಳಗೆ ಮಣಿ ಬಂದ ಹೊತ್ತಿಗೆ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಗ ಹೊರಗೆ ಬಂದ. ಕಣ್ಣು ಕೆಂಪಾಗಿದ್ದವು. "ಯವ್ವಾ, ಅರ್ಜುನ ಮಗನ್ನ ಅಪ್ಪಿಕೊಂಡ" ಅಂದ. "ಹೌದನು?" ಅಂದರು ಅವರು, ಸೆರಗಿನಿಂದ ಅವನ ಮುಖ ಒರೆಸಿದರು. ಇಬ್ಬರೂ ಮನೆಗೆ ಹೋದರು. ಆ ಹುಡುಗ ಕಡೆಯವರೆಗೂ ಕೂತು ನೋಡಿದ್ದ, ಮೂರು ರಾತ್ರಿಯೂ. ಅವ್ವನಿಗೆ ಅರ್ಜುನ ಬಿದ್ದಿರುವುದು ಬೇಕಿತ್ತು, ಮಗನಿಗೆ ಏಳುವುದು ಬೇಕಿತ್ತು. ಒಂದೇ ಚಿತ್ರ ಇಬ್ಬರಿಗೂ ಬೇಕಾದ್ದನ್ನು ಕೊಟ್ಟು ಕಳಿಸಿತು.

ಯಜಮಾನರು ಊರಿಗೆ ಬರಲೇ ಇಲ್ಲ. ಬಹಳ ವರ್ಷಗಳ ಮೇಲೆ ಅಲ್ಲೇ ತೀರಿಕೊಂಡ ಸುದ್ದಿ ಬಂತು. ಯಾವ ಲೋಕದಿಂದಲೂ ಯಾವ ಮಣಿಯೂ ಬರಲಿಲ್ಲ. ಮಗ ಊರಲ್ಲೇ ಉಳಿದ, ನಾಲ್ಕು ಎಕರೆ ಎರಿ ಹೊಲ ಮಾಡಿ ಎರಡು ಹೆಣ್ಣುಮಕ್ಕಳನ್ನು ಓದಿಸಿದ. ನೀನು ಮಾವ ಮಾವ ಎಂದು ಚಕ್ಕಡಿ ಹತ್ತಿ ಹೋಗುತ್ತಿದ್ದದ್ದು ಅವನ ಜೊತೆಗೇ.

ನೀನು ಯಾಕೆ ಏಳಲಿಲ್ಲ ಅನ್ನುವುದಕ್ಕೆ ನನಗೆ ತಿಳಿದ ಉತ್ತರ ಇದು ತಮ್ಮಾ. ಹಾರುವ ಬಾಣ, ನಾಗಲೋಕ, ಸತ್ತವನನ್ನು ಎಬ್ಬಿಸುವ ಮಣಿ ಇವೆಲ್ಲ ಒಂದು ಮನೆಯ ಮಾತಿಗಾಗಿ ಬಂದು ನಿಂತಿವೆ. ನಮ್ಮ ಓಣಿಯಲ್ಲಿ ಆ ಮಾತನ್ನು ಬಾಯಿ ಬಿಟ್ಟು ಆಡುವವರು ಇರಲಿಲ್ಲ. ಅಂಥ ಮಾತಾಡಲು ಆಕಾಶದಷ್ಟು ದೊಡ್ಡ ಕತೆ ಬೇಕಿತ್ತು. ನಿನ್ನ ಅವ್ವ ನಿನಗೆ ಪ್ರೀತಿಯಿಂದ ಸಾಲಿ ಕಲಿಸಿ ಬೆಳೆಸಿದವಳು, ನಿನ್ನಪ್ಪ ದಿನಾ ಫೋನು ಮಾಡುವವನು. ಅಂಥ ದುಃಖ ನಿನಗೆ ಬಂದಿಲ್ಲ, ಬರುವುದೂ ಬೇಡ. ಆದರೂ ನಿನ್ನ ಕೈಯಲ್ಲಿ ಉಂಡಿ ಹಾಗೇ ಉಳಿಯಿತು.

ನೀನು ಬೆಂಗಳೂರಿನಲ್ಲಿ ಮಾಡುವ ಕೆಲಸವನ್ನು ನಾನು ಸಣ್ಣದೆಂದು ತಿಳಿದಿಲ್ಲ. ಅವತ್ತು ಫೋನಿನಲ್ಲಿ ನೀನು ತೋರಿಸಿದ ಆ ಹಾರುವ ಪಟ್ಟಣ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅದರ ಕಿಡಕಿಗಳನ್ನು ಒಂದೊಂದಾಗಿ ಬೆಳಗಿಸಲು ಹದಿನೈದು ದಿನ ಹಿಡಿಯಿತು ಅಂದಿದ್ದಿ. ಆ ಕಿಡಕಿಗಳ ಹಿಂದೆ ಯಾರು ಇದ್ದಾರೆ ಎಂದು ನಾನು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಮುಂದಿನ ಸಲ ಹೇಳು. ಒಂದು ಕಿಡಕಿಯ ಹಿಂದಾದರೂ ಯಾರಾದರೂ ರೊಟ್ಟಿ ಬಡಿಯುತ್ತ ಕೂತಿರಲಿ.

ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿ ಬಾ. ನಿನ್ನ ಗೆಳೆಯನ ಹತ್ತಿರ ಪ್ರೊಜೆಕ್ಟರ್ ಇದೆ ಅಂದಿದ್ದಿಯಲ್ಲ, ಅದನ್ನು ಕೇಳಿ ತಾ. ಉದ್ದನೆಯ ವಾಯರೂ ಬೇಕು, ನಮ್ಮ ಮನೆಯ ಪ್ಲಗ್ಗು ಅಂಗಳದವರೆಗೆ ಮುಟ್ಟುವುದಿಲ್ಲ. ಎದುರುಮನೆಯ ಗೋಡೆಗೆ ಮೊನ್ನೆಯೇ ಸುಣ್ಣ ಹೊಡೆಸಿದ್ದಾರೆ, ಪರದೆಯ ಹಾಗೆ ಬೆಳ್ಳಗಿದೆ. ಓಣಿಯವರೆಲ್ಲ ಕೂಡೋಣ. ಹುಡುಗರು ಬಾಣ ನೋಡಿ ನಕ್ಕರೆ ನಗಲಿ, ನೀನು ಸುಮ್ಮನಿರು.

ಅಮ್ಮನಿಗೂ ಹೇಳಿದ್ದೇನೆ. ಎಂಬತ್ತೈದರ ಹತ್ತಿರ ಬಂದಿದ್ದಾರೆ, ಕಾಲು ಸರಿಯಾಗಿ ಏಳುವುದಿಲ್ಲ, ಕಣ್ಣು ಇನ್ನೂ ಚುರುಕಾಗಿದೆ. ಬರುತ್ತೇನೆ ಅಂದರು. ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ ಹಾಕಿಸುತ್ತೇನೆ ಅಂದೆ. ಅವರು ಬೇಡ ಅಂದರು.

"ತುದೀಗೆ ಹಾಕಿಸವ್ವಾ. ನಡುವ ಏಳಾಕ ಬರೂವಂಗ."

ನೆನಪಿಡು. ತುದಿಯ ಕುರ್ಚಿ ಅವರದು.

ನಿನ್ನ ಆಯಿ